ಒಂಬತ್ತನೇ ತರಗತಿಯ ಮಕ್ಕಳು ಯಾರ ಹೊಣೆ?



ನಿಮ್ಮೂರಿನ ಹೈಸ್ಕೂಲಿಗೆ ಹೋಗಿ ಹತ್ತನೇ ತರಗತಿ ಯಾರ ಜವಾಬ್ದಾರಿ ಎಂದು ಕೇಳಿ ನೋಡಿ. ಹೆಡ್‌ಮಾಸ್ಟರಿಂದ ಹಿಡಿದು ಬಿಇಒ ಸಾಹೇಬರವರೆಗೆ ಎಲ್ಲರೂ ತಮ್ಮದು ಎನ್ನುತ್ತಾರೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಪೂರ್ವಸಿದ್ಧತಾ ಪರೀಕ್ಷೆ, ರಾತ್ರಿ ಮನೆಗೆ ಫೋನ್ ಮಾಡಿ "ಓದ್ತಿದಾನೇನ್ರೀ?" ಎಂಬ ವಿಚಾರಣೆ. ಇಷ್ಟೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ನಡೆಯುತ್ತದೆ. ಎಂಟನೇ ತರಗತಿಯವರ ಮೇಲೂ, ಹೊಸದಾಗಿ ಸೇರಿದವರು ಎಂಬ ಕಾರಣಕ್ಕೆ, ಒಂದಿಷ್ಟು ಗಮನ ಇರುತ್ತದೆ. ನಡುವಿನ ಒಂಬತ್ತನೇ ತರಗತಿ ಯಾರದು ಎಂದು ಕೇಳಿದರೆ ಒಬ್ಬ ಕ್ಲಾಸ್ ಟೀಚರ್ ಹೆಸರು ಸಿಗುತ್ತದೆ. ಅವರು ಹಾಜರಿ ಕರೆಯುತ್ತಾರೆ, ಅಂಕಪಟ್ಟಿ ತುಂಬುತ್ತಾರೆ, ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ ಏರಿಸುತ್ತಾರೆ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರ್ ಹೆಸರು ತಾಳೆಯಾಗದಿದ್ದರೆ ಸರಿಪಡಿಸುತ್ತಾರೆ. ಮಕ್ಕಳೊಡನೆ ಕೂತು ಮಾತಾಡಲು ಅವರ ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ಡೂ ಇಲ್ಲ.

ಈ ಕರಪತ್ರದ ಬೇಡಿಕೆ ಒಂದೇ. ಪ್ರತಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಕ್ಷೇಮ ಮತ್ತು ನಡವಳಿಕೆ ಎರಡನ್ನೂ ಒಬ್ಬ ಶಿಕ್ಷಕರಿಗೆ ಲಿಖಿತವಾಗಿ ವಹಿಸಬೇಕು, ಆ ಕೆಲಸಕ್ಕೆ ಸಮಯ ಕೊಡಬೇಕು, ಅದೇ ಮಕ್ಕಳೊಂದಿಗೆ ಅವರನ್ನು ಹತ್ತನೇ ತರಗತಿಗೂ ಕಳಿಸಬೇಕು.

ಒಂಬತ್ತನೇ ತರಗತಿಯೇ ಯಾಕೆ? ಅಲ್ಲಿ ಕೂತಿರುವವರಿಗೆ ಹದಿನಾಲ್ಕು, ಹದಿನೈದು ವರ್ಷ. ಮಾನಸಿಕ ತೊಂದರೆಗಳಲ್ಲಿ ಮೂರನೇ ಒಂದರಷ್ಟು 14 ವರ್ಷದೊಳಗೇ, ಅರ್ಧದಷ್ಟು 18 ವರ್ಷದೊಳಗೇ ಶುರುವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಆದರೆ ಅದರ ರಕ್ಷಣೆ ಇರುವುದು 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ಅಂದರೆ ಮಗುವಿಗೆ ನಮ್ಮ ಗಮನ ಅತಿ ಹೆಚ್ಚು ಬೇಕಾದ ವರ್ಷದಲ್ಲೇ ಕಾನೂನೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಶಾಲೆಯೂ ಸರಿಯುತ್ತದೆ. ನೂರಕ್ಕೆ ನೂರು ಫಲಿತಾಂಶದ ಫಲಕ ಹಾಕಿಸುವ ಆಸೆಗೆ ಒಂಬತ್ತರಲ್ಲೇ "ಟಿ.ಸಿ. ತಗೊಂಡು ಬೇರೆ ಕಡೆ ಸೇರಿಸಿ" ಎಂದು ಪೋಷಕರಿಗೆ ಹೇಳುವ ಶಾಲೆಗಳಿವೆ. ಆ ಟಿ.ಸಿ. ಇನ್ನೊಂದು ಶಾಲೆ ಮುಟ್ಟದೆ ಮನೆಯ ಟ್ರಂಕಿನಲ್ಲೇ ಉಳಿದುಬಿಡುವುದೂ ಉಂಟು.

ನಡವಳಿಕೆ ಬೇರೆ, ಕ್ಷೇಮ ಬೇರೆ ಎಂದು ನಾವು ಎರಡು ಲೆಕ್ಕ ಇಟ್ಟಿದ್ದೇವೆ. ಗಲಾಟೆ ಮಾಡಿದವನು ಪಿಟಿ ಮೇಷ್ಟ್ರ ಪಾಲು, ಅಳುವವಳು ವಿಜ್ಞಾನದ ಮೇಡಂ ಪಾಲು. ಆದರೆ ಮಗು ಒಂದೇ. ಮೂರನೇ ಪಿರಿಯಡ್ಡಿನಲ್ಲಿ ಡೆಸ್ಕ್ ಮೇಲೆ ತಲೆ ಇಟ್ಟು ಮಲಗುವ ಹುಡುಗನನ್ನೇ ನೋಡಿ. ಗಣಿತದ ಸರ್ ಅವನನ್ನು ಹೊರಗೆ ನಿಲ್ಲಿಸುತ್ತಾರೆ, ಇಂಗ್ಲಿಷ್ ಮೇಡಂ ಬೈಯುತ್ತಾರೆ, ಸಮಾಜದ ಸರ್ ಬಿಟ್ಟುಬಿಡುತ್ತಾರೆ. ಮೂವರೂ ತಮ್ಮ ನಲವತ್ತು ನಿಮಿಷದಲ್ಲಿ ಕಂಡದ್ದಕ್ಕೆ ತಕ್ಕಂತೆ ನಡೆದುಕೊಂಡರು, ಅವರದು ತಪ್ಪಲ್ಲ. ಮೂರನ್ನೂ ಸೇರಿಸಿ ನೋಡುವವರು ಒಬ್ಬರಿದ್ದರೆ ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ, ಕೈ ತೊಳೆಯುವ ನಲ್ಲಿಯ ಹತ್ತಿರ, ಯಾರೂ ಇಲ್ಲದಾಗ ಕೇಳುತ್ತಿದ್ದರು:

"ಯಾಕೋ, ರಾತ್ರಿ ನಿದ್ದೆ ಆಗ್ತಿಲ್ವಾ?"

"ಆಗುತ್ತೆ ಸರ್."

"ಎಷ್ಟು ಗಂಟೆಗೆ ಮಲಗ್ತೀಯ?"

"ಹೋಟ್ಲು ಬಾಗಿಲು ಹಾಕಿದ್ಮೇಲೆ ಸರ್. ಹನ್ನೆರಡಾಗುತ್ತೆ."

ಇಷ್ಟು ತಿಳಿಯಲು ಎರಡು ನಿಮಿಷ ಸಾಕು. ತಿಳಿದ ಮೇಲೆ ಮಾತ್ರ ಶಿಕ್ಷೆ ಕೊಡಬೇಕೋ, ತಂದೆಯನ್ನು ಕರೆಸಬೇಕೋ, ಹೋಟೆಲಿನವರ ಹತ್ತಿರ ಮಾತಾಡಬೇಕೋ, ದುಡಿಸಿಕೊಳ್ಳುವುದೇ ಕಾನೂನಿಗೆ ವಿರುದ್ಧ ಎಂದು ದೂರು ಕೊಡಬೇಕೋ ಎಂಬುದು ಗೊತ್ತಾಗುತ್ತದೆ.

ಹಾಜರಿ ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಶಾಲೆಗಳಲ್ಲಿ ದಿನಾ ಬರೆಯುವ, ಆದರೆ ಯಾರೂ ಓದದ ಪುಸ್ತಕ ಅದು. ತಿಂಗಳ ಕೊನೆಗೆ ಶೇಕಡಾ ಲೆಕ್ಕ ಹಾಕುತ್ತೇವೆ. ಪರೀಕ್ಷೆಗೆ ಕೂರಲು 75 ಬೇಕು, ಬಂದಿದೆಯೋ ಇಲ್ಲವೋ ನೋಡಿ ಮುಚ್ಚಿಡುತ್ತೇವೆ. ಅದೇ ಪುಟವನ್ನು ದಿನಗಳನ್ನು ಹಿಡಿದು ಓದಿದರೆ ಮನೆ ಕಾಣುತ್ತದೆ. ಪ್ರತಿ ವಾರ ಸಂತೆಯ ದಿನವೇ ತಪ್ಪಿಸುವ ಹುಡುಗಿ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರಬಹುದು. ತಿಂಗಳಿಗೆ ಮೂರು ದಿನ ತಪ್ಪದೆ ಹಲವು ಹುಡುಗಿಯರು ಗೈರಾಗುತ್ತಿದ್ದರೆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿದೆಯೇ, ಶುಚಿ ಯೋಜನೆಯ ಪ್ಯಾಡ್ ಕಪಾಟಿನಲ್ಲಿದೆಯೋ ಮಕ್ಕಳ ಕೈಗೆ ಸಿಗುತ್ತಿದೆಯೋ ಎಂದು ನೋಡಬೇಕು. ಯಾದಗಿರಿ, ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲಕ್ಕೆ ವಾರಗಟ್ಟಲೆ ಬೆಂಚು ಖಾಲಿಯಾಗುವುದು ಎಲ್ಲ ಶಿಕ್ಷಕರಿಗೂ ಗೊತ್ತು. ಗುಳೆ ಹೋದ ಮನೆಯ ಮಗು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿದ್ದರೂ ಅದರ ಹೆಸರು ಇಲ್ಲಿನ ಪುಸ್ತಕದಲ್ಲಿ ಉಳಿದಿರುತ್ತದೆ. ಬಿಸಿಯೂಟದವರೆಗೆ ಇದ್ದು ಆಮೇಲೆ ಕಾಣೆಯಾಗುವ ಹುಡುಗ ಗ್ಯಾರೇಜಿನಲ್ಲಿರಬಹುದು. ಬೆಳಿಗ್ಗೆ ಒಂದೇ ಸಲ ಹಾಜರಿ ಕರೆಯುವ ಶಾಲೆಗೆ ಅವನು ಕಾಣುವುದೇ ಇಲ್ಲ. ಇನ್ನು, ಚೆನ್ನಾಗಿ ಓದುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರೆ ಅವತ್ತೇ ವಿಚಾರಿಸಬೇಕು. ಕರ್ನಾಟಕದಲ್ಲಿ 18 ತುಂಬದ ಹೆಣ್ಣಿನ ಮದುವೆ ಮೊದಲಿನಿಂದಲೇ ಅಸಿಂಧು. ಆದರೆ ಆ ಕಾನೂನು ಕೆಲಸ ಮಾಡುವುದು ತಾಳಿ ಕಟ್ಟುವ ಮುಂಚೆ ಯಾರಾದರೂ 1098ಕ್ಕೆ ಕರೆ ಮಾಡಿದರೆ. ಹದಿನೈದು ದಿನ ಬಿಟ್ಟು "ಸತತ ಗೈರು" ಎಂದು ಬರೆದರೆ ಅಷ್ಟೊತ್ತಿಗೆ ಮದುವೆಯೇ ಮುಗಿದಿರುತ್ತದೆ.

ಈ ಓದನ್ನು ವಾರಕ್ಕೊಮ್ಮೆ ಮಾಡುವ ಒಬ್ಬರು ಬೇಕು ಎಂಬುದೇ ನಮ್ಮ ಮಾತಿನ ತಿರುಳು.

ಶಿಸ್ತಿನ ವಿಷಯಕ್ಕೆ ಬರೋಣ. ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಕೇಳಿಬರುವ ಮಾತು: "ಎರಡೇಟು ಹಾಕಿ ಸರ್, ನಾವೇನೂ ಕೇಳಲ್ಲ." ಈ ಮಾತು ಮಗನ ಮೇಲಿನ ಪ್ರೀತಿಯಿಂದಲೇ ಬರುತ್ತದೆ, ಆದರೆ ದಯವಿಟ್ಟು ಇನ್ನು ಮುಂದೆ ಹೇಳಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಒಂಬತ್ತನೇ ತರಗತಿಗೆ ಅದು ಅನ್ವಯಿಸದು ಎನ್ನುವವರು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಓದಬೇಕು. 18 ವರ್ಷದೊಳಗಿನ ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಅದಕ್ಕೆ ಹೊಡೆದು ಬಡಿದು ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ ಅದು. ಕಾನೂನು ಒತ್ತಟ್ಟಿಗಿರಲಿ. ಬೆತ್ತದಿಂದ ತರಗತಿ ಸುಮ್ಮನಾಗುತ್ತದೆ, ನಿಜ. ಸುಮ್ಮನಾದ ತರಗತಿಯಲ್ಲಿ ಯಾರಿಗೆ ಏನಾಗಿದೆ ಎಂಬುದು ಮಾತ್ರ ಶಿಕ್ಷಕರಿಗೆ ಇನ್ನೆಂದೂ ಗೊತ್ತಾಗುವುದಿಲ್ಲ, ಯಾಕೆಂದರೆ ಯಾರೂ ಬಂದು ಹೇಳುವುದಿಲ್ಲ.

ಹಾಗಾದರೆ ತಪ್ಪು ಮಾಡಿದವರನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಇಬ್ಬರು ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಒಂದು ಫೋಟೋಗಾಗಿ ಸೈಕಲ್ ಸ್ಟ್ಯಾಂಡಿನಲ್ಲಿ ಹೊಡೆದಾಡಿಕೊಂಡರು ಎನ್ನಿ. ಈಗ ನಡೆಯುವುದೇನು? ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ ಬಸ್ಕಿ, ತಂದೆಯನ್ನು ಕರೆತರುವವರೆಗೆ ಶಾಲೆಗೆ ಬರಬೇಡ ಎಂಬ ಅಪ್ಪಣೆ. ಕೂಲಿ ಬಿಟ್ಟು ತಂದೆ ಬರುವುದಿಲ್ಲ, ಹುಡುಗನೂ ಬರುವುದಿಲ್ಲ, ಒಂದು ವಾರ ಹಾಗೇ ಹೋಗುತ್ತದೆ. ಹೊಣೆ ಹೊತ್ತ ಶಿಕ್ಷಕರಿದ್ದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ನಡೆದದ್ದನ್ನು ಅವರವರ ಮಾತಿನಲ್ಲೇ ಬರೆಸುತ್ತಾರೆ. ಸಿಟ್ಟು ಇಳಿದ ಮೇಲೆ, ಬೇಕಿದ್ದರೆ ಮಾರನೆಯ ದಿನ, ಎದುರುಬದುರು ಕೂರಿಸಿ ಇಬ್ಬರ ಬರಹವನ್ನೂ ಓದುತ್ತಾರೆ. ಫೋಟೋ ಅಳಿಸುವುದು ಯಾರು, ಒಡೆದ ಸೈಕಲ್ ದೀಪ ಕೊಡಿಸುವುದು ಯಾರು, ಫೋಟೋದಲ್ಲಿದ್ದ ಹುಡುಗಿಗೆ ಏನು ಹೇಳಬೇಕು ಎಂದು ಇತ್ಯರ್ಥ ಮಾಡುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಕೇಳುತ್ತಾರೆ. ಕೊನೆಯ ಹೆಜ್ಜೆಯೇ ಮುಖ್ಯ, ಅದನ್ನೇ ಯಾರೂ ಮಾಡುವುದಿಲ್ಲ. ಹುಡುಗನ ಪಾಲಿಗೆ ಈ ದಾರಿ ಬಸ್ಕಿಗಿಂತ ಬಹಳ ಕಷ್ಟದ್ದು. ಬಸ್ಕಿ ಹೊಡೆದು ಕೈ ಕೊಡವಿಕೊಳ್ಳಬಹುದು, ತಾನು ಮಾಡಿದ್ದನ್ನು ತಾನೇ ಬರೆದು ಸರಿಪಡಿಸುವಾಗ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

"ಶಿಕ್ಷಕರು ಮನೋವೈದ್ಯರಲ್ಲ" ಎಂಬ ಆಕ್ಷೇಪ ಬರುತ್ತದೆ. ಒಪ್ಪುತ್ತೇವೆ, ವೈದ್ಯರ ಕೆಲಸ ಅವರು ಮಾಡಬೇಕಾಗಿಯೂ ಇಲ್ಲ. ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ರಾಜ್ಯವೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಆರೈಕೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿ. ಶಾಲೆಗಳಿಗಾಗಿಯೂ ನಿಮ್ಹಾನ್ಸ್ ಜೀವನ ಕೌಶಲ್ಯ ಶಿಕ್ಷಣದ ಪಾಠಕ್ರಮ ರೂಪಿಸಿತು. ಅದನ್ನು ನಡೆಸುವವರು ತರಬೇತಿ ಪಡೆದ ಶಿಕ್ಷಕರೇ. 2010ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಕಾರ್ಯಕ್ರಮ ನಡೆದ ಶಾಲೆಗಳ 605 ಮಕ್ಕಳನ್ನು ನಡೆಯದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದರು. ಮೊದಲಿನವರಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆ ಹೆಚ್ಚಿತ್ತು. ಮಾನಸಿಕ ತೊಂದರೆಗಳಲ್ಲಿ, ಮನೆಯೊಳಗಿನ ಮತ್ತು ಗೆಳೆಯರೊಂದಿಗಿನ ಹೊಂದಾಣಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ, ಯಾಕೆಂದರೆ ಶಾಲೆಯೊಂದೇ ಎಲ್ಲವನ್ನೂ ಮಾಡಲಾರದು.

ಶಿಕ್ಷಕರು ಮಾಡಬೇಕಾದದ್ದು ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಬಾಗಿಲಿಗೆ ಮುಟ್ಟಿಸುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇದೆ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡ ಗುರುತು ಕಂಡರೆ, "ನಾಟಕ ಮಾಡ್ತಾಳೆ" ಎನ್ನದೆ, ಒಬ್ಬಳನ್ನೇ ಬಿಡದೆ, ಅವತ್ತೇ ಮನೆಯವರನ್ನು ಕರೆಸಿ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಮಾಡಬೇಕು. ಲೈಂಗಿಕ ಕಿರುಕುಳದ ವಿಷಯವಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಸ್ಟಾಫ್ ರೂಮಿನಲ್ಲಿ ರಾಜಿ ಮಾಡಿಸಿ ಮುಗಿಸುವುದು ಅಪರಾಧ. ಹಾಗಾಗಿ "ಯಾರಿಗೂ ಹೇಳಲ್ಲ, ಹೇಳು" ಎಂದು ಮಗುವಿಗೆ ಮಾತು ಕೊಡಬಾರದು. "ನಿನ್ನನ್ನು ಕಾಪಾಡೋಕೆ ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀನಿ" ಎನ್ನಬೇಕು. ಇಂಥ ಒಂದೊಂದು ವಾಕ್ಯವನ್ನೂ ಕಲಿಯಬೇಕಾಗುತ್ತದೆ. ಅದಕ್ಕೇ ತರಬೇತಿ ಬೇಕು ಎನ್ನುವುದು.

ಎರಡನೆಯ ಆಕ್ಷೇಪ ಶಿಕ್ಷಕರದೇ, ಅದು ಪೂರ್ತಿ ನ್ಯಾಯವಾದದ್ದು: ಇರುವ ಕೆಲಸಕ್ಕೇ ಜನವಿಲ್ಲ, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು, ಅದರ ಮೇಲೆ ಚುನಾವಣೆ, ಸಮೀಕ್ಷೆ. ಆದ್ದರಿಂದಲೇ ನಾವು ಕೇಳುತ್ತಿರುವುದು ಹೊಸ ಹೊರೆಯನ್ನಲ್ಲ, ಸಮಯವನ್ನು. ಆಸ್ಟ್ರೇಲಿಯಾದ ಹೈಸ್ಕೂಲುಗಳಲ್ಲಿ ಒಂದೊಂದು ತರಗತಿಯ ಮಕ್ಕಳಿಗೂ ಇಯರ್ ಲೆವೆಲ್ ಕೋಆರ್ಡಿನೇಟರ್ ಎಂಬ ಹೊಣೆಗಾರರಿರುತ್ತಾರೆ, ಆ ಕೆಲಸಕ್ಕಾಗಿ ಅವರ ಪಾಠದ ಗಂಟೆ ಕಡಿಮೆ ಮಾಡುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ನವೋದಯ ವಿದ್ಯಾಲಯಗಳಲ್ಲೇ ಹೌಸ್ ಮಾಸ್ಟರ್ ಇದ್ದಾರೆ. ಊರಿನ ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಮಾತ್ರ ಅಂಥವರು ಯಾಕಿರಬಾರದು? ಅವರಿಗಾಗಿ ನಾವು ಕೇಳುವುದು ಇಷ್ಟು: ವಾರಕ್ಕೆ ನಾಲ್ಕು ಪಿರಿಯಡ್ ಬಿಡುವು, ಬಿಸಿಯೂಟದ ಲೆಕ್ಕ ಮತ್ತು ಚುನಾವಣಾ ಕೆಲಸದಿಂದ ವಿನಾಯಿತಿ, ಆ ತರಗತಿಗೆ ಪಾಠ ಮಾಡುವ ಎಲ್ಲ ಶಿಕ್ಷಕರೂ ವಾರಕ್ಕೊಮ್ಮೆ ಅರ್ಧ ಗಂಟೆ ಒಟ್ಟಿಗೆ ಕೂತು ಮಕ್ಕಳ ಬಗ್ಗೆ ಮಾತ್ರ, ಅಂಕಗಳ ಬಗ್ಗೆ ಅಲ್ಲ, ಮಾತಾಡುವುದು. ವರ್ಗಾವಣೆಯಾಗಿ ಹೋಗುವವರು ಬರುವವರಿಗೆ ಪ್ರತಿ ಮಗುವಿನ ಬಗ್ಗೆ ನಾಲ್ಕು ಸಾಲು ಬರೆದಿಟ್ಟು ಹೋಗಲಿ; ಆ ಪುಸ್ತಕ ಹೆಡ್‌ಮಾಸ್ಟರ ಬೀರುವಿನಲ್ಲಿ ಬೀಗದೊಳಗಿರಲಿ.

ಈ ಹೊಣೆಗೆ ಯಾರನ್ನು ಆರಿಸಬೇಕು ಎಂಬುದರಲ್ಲೂ ನಮಗೆ ಒಂದು ಅಭಿಪ್ರಾಯವಿದೆ. ಅತಿ ಕಟ್ಟುನಿಟ್ಟಿನವರೂ ಬೇಡ, ಅತಿ ಕಿರಿಯರು ಇಲ್ಲ ಎನ್ನಲಾರರು ಎಂದು ಅವರ ಮೇಲೆ ಹೊರಿಸುವುದೂ ಬೇಡ. ಮಕ್ಕಳು ತಾವಾಗಿಯೇ ಯಾರ ಹತ್ತಿರ ಹೋಗಿ ಮಾತಾಡುತ್ತಾರೆ ಎಂದು ಒಂದು ವಾರ ಗಮನಿಸಿದರೆ ಹೆಡ್‌ಮಾಸ್ಟರಿಗೆ ಹೆಸರು ಸಿಗುತ್ತದೆ.

ಶಾಲೆಯ ವೇಳಾಪಟ್ಟಿ ತಯಾರಾಗುವುದು ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ. ಅದು ಗೋಡೆಗೆ ಅಂಟಿದ ಮೇಲೆ ಬದಲಿಸುವುದು ಕಷ್ಟ. ಆದ್ದರಿಂದ ಅದಕ್ಕೂ ಮೊದಲೇ ಒಂಬತ್ತಕ್ಕೆ ಹೋಗುವ ಮಕ್ಕಳ ತಂದೆ ತಾಯಂದಿರು ಒಂದು ಹಾಳೆಯಲ್ಲಿ ಸಹಿ ಮಾಡಿ ಹೆಡ್‌ಮಾಸ್ಟರಿಗೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಕೊಡಿ, ಒಂದು ಪ್ರತಿಗೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಅರ್ಜಿ ಉದ್ದ ಬೇಡ: "ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳ ಕ್ಷೇಮ ಮತ್ತು ನಡವಳಿಕೆಯ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ಲಿಖಿತ ಆದೇಶದ ಮೂಲಕ ವಹಿಸಬೇಕು. ಅವರಿಗೆ ವಾರಕ್ಕೆ ನಾಲ್ಕು ಪಿರಿಯಡ್ ಬಿಡುವು ಕೊಟ್ಟು, ಮುಂದಿನ ವರ್ಷ ಅದೇ ಮಕ್ಕಳೊಂದಿಗೆ ಹತ್ತನೇ ತರಗತಿಗೂ ಮುಂದುವರಿಸಬೇಕು. ಅವರ ಹೆಸರನ್ನು ಮೊದಲ ಪೋಷಕರ ಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ."