ಕವಡೆಯ ನಾಡಿಗೆ ಬಂದ ಅತಿಥಿಗಳು

ಕವಡೆ ಕಾಸಿನ ಬೆಲೆಯೂ ಇಲ್ಲವೆಂದು ಯಾವುದನ್ನಾದರೂ ಹಳಿಯುವವರು, ಆ ಕವಡೆ ಎಲ್ಲಿಂದ ಬಂದಿತೆಂದು ವಿಚಾರಿಸುವುದು ಅಪರೂಪ. ಒಂದು ಕಾಲಕ್ಕೆ ಹಣವಾಗಿ ಚಲಾವಣೆಯಲ್ಲಿದ್ದ ಕವಡೆಗಳಲ್ಲಿ ಬಹುಭಾಗ ಮಾಲ್ಡೀವ್ಸ್ ದ್ವೀಪಗಳ ಕಡಲಿನದು. ಹಡಗು ತುಂಬ ಕವಡೆ ವಂಗದೇಶಕ್ಕೆ ಹೋಗುತ್ತಿತ್ತು. ಬದಲಿಗೆ ಅಲ್ಲಿಂದ ಅಕ್ಕಿ ಬರುತ್ತಿತ್ತು. 1343ರ ಸುಮಾರಿಗೆ ಅಲ್ಲಿಗೆ ಹೋಗಿ, ಕೆಲವು ತಿಂಗಳು ನ್ಯಾಯಾಧೀಶನೂ ಆಗಿದ್ದ ಇಬ್ನ್ ಬತೂತ ಈ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಉಣ್ಣುವ ಅನ್ನ ಹೊರಗಿನದು, ಅದಕ್ಕೆ ತೆರುವ ಹಣ ಕಡಲು ಕೊಟ್ಟದ್ದು. ಈ ಲೆಕ್ಕ ಇಂದಿಗೂ ಹಾಗೆಯೇ ಇದೆ. ಕವಡೆಯ ಸ್ಥಾನದಲ್ಲಿ ಈಗ ಪ್ರವಾಸಿ ಬಂದು ನಿಂತಿದ್ದಾನೆ.

ಹವಳದ ದ್ವೀಪಗಳು 1,192. ಜನವಸತಿಯಿರುವವು ಇನ್ನೂರರ ಸಮೀಪ. ಜನಸಂಖ್ಯೆ ಐದು ಲಕ್ಷಕ್ಕೆ ತುಸು ಮೇಲೆ. ಮಣ್ಣು ತೆಳು, ಬೆಳೆ ಅತ್ಯಲ್ಪ. ಬೇಯಿಸಿ, ಹೊಗೆ ಹಾಯಿಸಿ, ಒಣಗಿಸಿದ ಟ್ಯೂನಾ ಮೀನನ್ನು ಸಿಂಹಳಕ್ಕೆ ಮಾರಿ ದ್ವೀಪವಾಸಿಗಳು ದಿನ ದೂಡುತ್ತಿದ್ದರು. ಪ್ರವಾಸೋದ್ಯಮಕ್ಕೆ ಈ ದ್ವೀಪಗಳು ತಕ್ಕವಲ್ಲವೆಂದು ತಜ್ಞರು ತಲೆಯಾಡಿಸಿದ್ದರಂತೆ. ಇಟಲಿಯ ಜಾರ್ಜ್ ಕಾರ್ಬಿನ್ ಎಂಬಾತ ಆ ಮಾತಿಗೆ ಕಿವಿಗೊಡದೆ 1972ರಲ್ಲಿ ಕೆಲವು ಮಂದಿಯನ್ನು ಕರೆತಂದ. ಹೋಟೆಲೆಂಬುದೇ ಇರಲಿಲ್ಲವಾದ್ದರಿಂದ ರಾಜಧಾನಿ ಮಾಲೆಯ ಮನೆಗಳಲ್ಲಿಯೇ ಅವರಿಗೆ ಬಿಡಾರ. ಅದೇ ವರ್ಷದ ಅಕ್ಟೋಬರಿನಲ್ಲಿ, ಸಮೀಪದ ದ್ವೀಪವೊಂದರಲ್ಲಿ ಮೂವತ್ತು ಕೊಠಡಿಗಳ ‘ಕುರುಂಬಾ’ ವಿಹಾರಧಾಮ ತೆರೆಯಿತು. ಕುರುಂಬಾ ಎಂದರೆ ಅಲ್ಲಿಯ ಧಿವೇಹಿ ಭಾಷೆಯಲ್ಲಿ ಎಳನೀರು. ಆ ವರ್ಷ ಬಂದವರು ಸಾವಿರದಷ್ಟು. 2019ರಲ್ಲಿ ಹದಿನೇಳು ಲಕ್ಷ!

ಈ ಬೆಳವಣಿಗೆಯ ಹಿಂದೆ ಒಂದು ಸರಳ ಯೋಜನೆಯಿತ್ತು: ನಿರ್ಜನ ದ್ವೀಪವನ್ನು ಗುತ್ತಿಗೆಗೆ ಕೊಡುವುದು, ಒಂದು ದ್ವೀಪಕ್ಕೆ ಒಂದೇ ವಿಹಾರಧಾಮ. ಅದರ ವಿದ್ಯುತ್ತು, ಕಡಲ ನೀರನ್ನು ಸಿಹಿಯಾಗಿಸುವ ಯಂತ್ರ, ದೋಣಿ ಎಲ್ಲವೂ ಅದರದೇ. ಮುಸ್ಲಿಂ ಸಂಪ್ರದಾಯದ ಊರುಗಳಿಗೆ ಪರದೇಶದವರ ಉಡುಗೆ, ಮದ್ಯಗಳ ಉಪದ್ರವವಿಲ್ಲ, ಪ್ರವಾಸಿಗೂ ಏಕಾಂತ. ಜಾಣತನದ ಏರ್ಪಾಡೇ ಸರಿ. ಆದರೆ ಅತಿಥಿಯ ಊಟದ ತಟ್ಟೆಯಲ್ಲಿನ ಸೊಪ್ಪು, ಹಣ್ಣು, ಹಾಲು ಬಹುಮಟ್ಟಿಗೆ ಪರದೇಶದವು. ಬಡಿಸುವ ಕೈಯೂ ಎಷ್ಟೋ ಕಡೆ ಪರದೇಶದ್ದೇ. ಬಂದ ಡಾಲರು ದ್ವೀಪದಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಟುಬಿಡುತ್ತದೆ ಎಂದರೂ ಸಲ್ಲುತ್ತದೆ. ನೆರೆಯ ಹಳ್ಳಿಯವನಿಗೆ ಇರುಳಲ್ಲಿ ದೂರದ ದೀಪಗಳಷ್ಟೇ ಕಾಣುತ್ತಿದ್ದವು. 2009ರ ಬಳಿಕ ಜನವಸತಿಯ ದ್ವೀಪಗಳಲ್ಲಿಯೂ ಅತಿಥಿಗೃಹಗಳಿಗೆ ಅನುಮತಿ ದೊರೆಯಿತು. ಮಾಫುಶಿಯಂಥ ಊರುಗಳು ಬೀದಿಗೆ ಬೀದಿಯೇ ಬೋರ್ಡು ತೂಗುಹಾಕಿದವು.

ಇಂಥ ನಾಡಿಗೆ ಪೆಟ್ಟು ಯಾವ ದಿಕ್ಕಿನಿಂದಲಾದರೂ ಬೀಳಬಹುದು. 2004ರ ಡಿಸೆಂಬರ್ 26ರ ಸುನಾಮಿ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. ನಾಡಿನ ವರ್ಷದ ಉತ್ಪನ್ನದ ಅರ್ಧಕ್ಕೂ ಮಿಕ್ಕ ಸ್ವತ್ತು ಕೆಲವೇ ಗಂಟೆಗಳಲ್ಲಿ ಹಾಳಾಯಿತು. ಆರು ಲಕ್ಷದಷ್ಟಿದ್ದ ಪ್ರವಾಸಿಗರು ಮರುವರ್ಷ ನಾಲ್ಕು ಲಕ್ಷಕ್ಕಿಳಿದರು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ತಗುಲಿ, ಸುತ್ತ ನೀರೇ ಇದ್ದ ಲಕ್ಷ ಜನರಿಗೆ ಭಾರತದ ವಿಮಾನಗಳು ಕುಡಿಯುವ ನೀರು ಹೊತ್ತೊಯ್ದವು.

ಆದರೆ 2020ರಲ್ಲಾದುದು ಬೇರೆಯೇ ಬಗೆ. ಒಂದು ಹಂಚೂ ಹಾರಲಿಲ್ಲ, ಒಂದು ಗೋಡೆಯೂ ಬೀಳಲಿಲ್ಲ. ಅತಿಥಿ ಮಾತ್ರ ಬರಲಿಲ್ಲ. ಸಾಂಕ್ರಾಮಿಕದ ಭಯದಿಂದ ಮಾರ್ಚ್ ಕೊನೆಯಲ್ಲಿ ಮುಚ್ಚಿದ ಬಾಗಿಲು ತೆರೆದುದು ಜುಲೈ 15ರಂದು. ಆ ವರ್ಷ ನಾಡಿನ ಉತ್ಪನ್ನದ ಮೂರನೆಯ ಒಂದು ಭಾಗವೇ ಕರಗಿಹೋಯಿತು. ಚೋದ್ಯವೆಂದರೆ, ಒಂದು ದ್ವೀಪಕ್ಕೆ ಒಂದೇ ವಿಹಾರಧಾಮವೆಂಬ ಹಳೆಯ ಪದ್ಧತಿ ಆಗ ಕೈಹಿಡಿಯಿತು. ಸುತ್ತಲೂ ಕಡಲಿರುವಾಗ ಸೋಂಕಿನ ಅಂಜಿಕೆ ಎಲ್ಲಿಯದು? ಶ್ರೀಮಂತ ಪ್ರವಾಸಿಗಳು ಬೇಗನೆ ಮರಳಿದರು. ಊರ ನಡುವಿನ ಅತಿಥಿಗೃಹಗಳವರಿಗೆ ಆ ಭಾಗ್ಯವಿಲ್ಲ. ಅಕ್ಟೋಬರಿನವರೆಗೆ ಅವರು ಬಾಗಿಲಲ್ಲಿಯೇ ಕುಳಿತು ಕಾಯಬೇಕಾಯಿತು.

ಬಳಿಕ ಮಾತೂ ಒಂದು ಪೆಟ್ಟಾಯಿತು. 2023ರಲ್ಲಿ ಅಲ್ಲಿಗೆ ಹೋದವರಲ್ಲಿ ಭಾರತೀಯರದೇ ಮೊದಲ ಸ್ಥಾನ, ಎರಡು ಲಕ್ಷಕ್ಕೂ ಅಧಿಕ. 2024ರ ಜನವರಿಯಲ್ಲಿ ಅಲ್ಲಿಯ ಉಪಮಂತ್ರಿಗಳು ಭಾರತದ ಪ್ರಧಾನಿಯನ್ನು ಕುರಿತು ಹಗುರವಾಗಿ ಆಡಿದ್ದೇ ತಡ, ಇಲ್ಲಿಯವರು ಕಾದಿರಿಸಿದ್ದ ಟಿಕೆಟುಗಳನ್ನು ರದ್ದುಮಾಡತೊಡಗಿದರು. ವರ್ಷಾಂತ್ಯಕ್ಕೆ ಸಂಖ್ಯೆ ಒಂದು ಲಕ್ಷದ ಮೂವತ್ತು ಸಾವಿರದ ಆಸುಪಾಸಿಗೆ ಕುಸಿಯಿತು. ಚೀನೀಯರು ಆ ತೆರವನ್ನು ತುಂಬಿದರು. ಒಟ್ಟು ಲೆಕ್ಕ ಇಪ್ಪತ್ತು ಲಕ್ಷ ದಾಟಿತು. ಹಾಗಿದ್ದೂ ಬೊಕ್ಕಸದಲ್ಲಿ ವಿದೇಶೀ ಹಣವಿಲ್ಲ. ಆ ಅಕ್ಟೋಬರಿನಲ್ಲಿ ಅಧ್ಯಕ್ಷರೇ ದೆಹಲಿಗೆ ಬಂದರು. ಭಾರತದ ರಿಸರ್ವ್ ಬ್ಯಾಂಕು 40 ಕೋಟಿ ಡಾಲರುಗಳ ಆಸರೆಗೆ ಒಪ್ಪಿತು. ಇದಾದ ಮೇಲೆ, ಗಳಿಸಿದ ಡಾಲರುಗಳಲ್ಲಿ ಒಂದು ಪಾಲನ್ನು ದೇಶದ ಬ್ಯಾಂಕುಗಳಿಗೇ ಮಾರಬೇಕೆಂದು ವಿಹಾರಧಾಮಗಳಿಗೆ ಕಟ್ಟಳೆಯಾಗಿದೆ.