ಭಾಗ 3: ಸೋದರಮಾವನ ವಿಷಯ ಅಮ್ಮನನ್ನ ಕೇಳಿದ್ದೀರಾ?

ಹಿಂದಿನ ಎರಡು ಭಾಗ ಓದಿ ಡಿಎಂ ಮಾಡಿದವರಲ್ಲಿ ತುಂಬಾ ಜನ ಹೇಳಿದ್ದು ಒಂದೇ ಮಾತು. "ಸುಮ್ನೆ ಹೆದರಿಸ್ಬೇಡ, ಮಶ್ರೂಮ್‌ನಿಂದ ಡಿಪ್ರೆಷನ್ ವಾಸಿಯಾಗುತ್ತೆ ಅಂತ ರಿಸರ್ಚೇ ಇದೆ."

ಇದೆ. ನಾನೂ ಇಲ್ಲ ಅನ್ನಲ್ಲ. ಆದ್ರೆ ಆ ರಿಸರ್ಚ್ ನಿಮಗೆ ಸಿಕ್ಕಿದ್ದು ರೀಲ್‌ನಲ್ಲಿ, 30 ಸೆಕೆಂಡ್, ಹಿಂದೆ ಕೊಳಲು ಮ್ಯೂಸಿಕ್. ಬಿಕಾಂ ಓದೋರಿಗೆ ಮೊದಲ ವರ್ಷವೇ ಬೈದು ಕಲಿಸ್ತಾರೆ: ಲಾಭದ ಅಂಕಿ ನೋಡಿ ಕುಣಿಬೇಡಿ, ಕೆಳಗಿರೋ ನೋಟ್ಸ್ ಓದಿ. ಬನ್ನಿ, ಓದೋಣ.

2022ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ. ಮಾತ್ರೆಗಳಿಂದ ಗುಣ ಕಾಣದ ಖಿನ್ನತೆಯ 233 ಜನ. ಮಶ್ರೂಮ್‌ನಲ್ಲಿರೋ ಸೈಲೊಸೈಬಿನ್ ಅನ್ನೋ ಅಂಶವನ್ನ ಲ್ಯಾಬ್‌ನಲ್ಲಿ ತಯಾರಿಸಿ ಒಂದೇ ಒಂದು ಸಲ ಕೊಟ್ಟರು. ಒಂದು ಗುಂಪಿಗೆ 25 ಮಿಲಿಗ್ರಾಂ, ಇನ್ನೊಂದಕ್ಕೆ 10, ಮೂರನೆಯದಕ್ಕೆ ಹೆಸರಿಗೆ 1. ಪಕ್ಕದಲ್ಲಿ ತರಬೇತಿ ಪಡೆದ ಥೆರಪಿಸ್ಟ್. ಮೂರು ವಾರಕ್ಕೆ 25ರ ಗುಂಪಲ್ಲಿ ಶೇ 37ರಷ್ಟು ಜನರ ಖಿನ್ನತೆ ಚೆನ್ನಾಗಿ ತಗ್ಗಿತ್ತು, 1ರ ಗುಂಪಲ್ಲಿ ಶೇ 18. ರೀಲ್ ಇಲ್ಲಿಗೆ ಮುಗಿಯುತ್ತೆ.

ಪೇಪರ್ ಮುಗಿಯಲ್ಲ. 12 ವಾರ ಆಗೋ ಹೊತ್ತಿಗೆ ಆ 25ರ ಗುಂಪಲ್ಲಿ ಗುಣ ಉಳಿದಿದ್ದು ಶೇ 20ರಷ್ಟು ಜನರಿಗೆ. ಆತ್ಮಹತ್ಯೆಯ ಯೋಚನೆ, ತಮಗೆ ತಾವೇ ಗಾಯ ಮಾಡ್ಕೊಳ್ಳೋದು ಮೂರೂ ಗುಂಪಲ್ಲಿ ಕಂಡಿತು.

ಇದಕ್ಕಿಂತ ದೊಡ್ಡ ವಿಷಯ, ಬಾಗಿಲಲ್ಲೇ ಯಾರನ್ನ ವಾಪಸ್ ಕಳಿಸ್ತಾರೆ ಅನ್ನೋದು. ಇಂಥ ಅಧ್ಯಯನಗಳಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇರೋರನ್ನ ಸೇರಿಸ್ಕೊಳ್ಳಲ್ಲ. ಸಾಮಾನ್ಯವಾಗಿ ಹತ್ತಿರದ ರಕ್ತಸಂಬಂಧಿಗಳಿಗೆ ಇದ್ದರೂ ಸೇರಿಸ್ಕೊಳ್ಳಲ್ಲ. ಒಳಗೆ ಮಲಗಿರೋ ಕಾಯಿಲೆಯನ್ನ ಈ ವಸ್ತು ಎಬ್ಬಿಸಬಹುದು ಅನ್ನೋ ಭಯ ಸಂಶೋಧಕರಿಗೇ ಇದೆ. ಅಂದ್ರೆ ನೀವು ತೋರಿಸೋ ಆ ಒಳ್ಳೇ ಅಂಕಿ, ಸೋಸಿ ಆರಿಸಿದ ಜನರ ಅಂಕಿ.

ಈಗ ಹೇಳಿ, ನಿಮ್ಮನೇಲಿ ಯಾರಿಗೆ ಏನಿತ್ತು ಅಂತ ನಿಮಗೆ ಗೊತ್ತಾ?

ನಮ್ಮ ಮನೆಗಳಲ್ಲಿ ಯಾರಿಗೂ ಮಾನಸಿಕ ಕಾಯಿಲೆ ಇರಲ್ಲ. ಒಬ್ಬ ಚಿಕ್ಕಪ್ಪ "ಓದಿ ಓದಿ ಹಾಗಾದ". ಒಬ್ಬ ಅತ್ತೆಗೆ "ಬಾಣಂತನದಲ್ಲಿ ಗಾಳಿ ಸೋಕಿತ್ತು". ಇನ್ಯಾರೋ "ಬೇಸರ ಆಗಿ ಊರು ಬಿಟ್ಟ". ಹೆಣ್ಣು ನೋಡೋಕೆ ಬರೋರ ಕಿವಿಗೆ ಬೀಳಬಾರದು ಅಂತ ಕಟ್ಟಿದ ಕಥೆ, ಇಪ್ಪತ್ತು ವರ್ಷ ಆದ್ಮೇಲೆ ಮನೆ ಮಕ್ಕಳಿಗೂ ಅದೇ ಸತ್ಯ. ಅಲ್ಲಿ ಡಾಕ್ಟರ್ ಕೇಳೋ ಮೊದಲ ಪ್ರಶ್ನೆಗೇ ನಮ್ಮಲ್ಲಿ ಮುಕ್ಕಾಲು ಜನರ ಹತ್ರ ಸರಿಯಾದ ಉತ್ತರ ಇಲ್ಲ.

ನಮ್ಮ ಗೆಳೆಯನ ಹತ್ರಾನೂ ಇರಲಿಲ್ಲ. ಗೋಕರ್ಣಕ್ಕೆ ಐದು ಜನ ಹೋಗಿದ್ವಿ. ಯಾರೋ ಕೊಟ್ಟ ಸ್ಟಾಂಪ್. ಅದರಲ್ಲಿ ಎಲ್‌ಎಸ್‌ಡಿನೇ ಇತ್ತಾ, ಎಷ್ಟಿತ್ತು, ದೇವರಿಗೇ ಗೊತ್ತು. ಎಲ್‌ಎಸ್‌ಡಿ ಕಂಡುಹಿಡಿದ ಹಾಫ್‌ಮನ್ 1943ರಲ್ಲಿ ತಗೊಂಡಿದ್ದು 250 ಮೈಕ್ರೋಗ್ರಾಂ, ಅಂದ್ರೆ ಒಂದು ಗ್ರಾಂನ ನಾಲ್ಕು ಸಾವಿರದಲ್ಲಿ ಒಂದು ಭಾಗ. ಅಷ್ಟಕ್ಕೇ ತನಗೆ ಹುಚ್ಚು ಹಿಡೀತು ಅಂತ ಆತ ಹೆದರಿದ್ದ. ಅದು ಕಣ್ಣಿಗೆ ಕಾಣೋ ಅಳತೆ ಅಲ್ಲ. ಎಲ್‌ಎಸ್‌ಡಿ ಅಂತ ಹೇಳಿ ಎನ್‌ಬೋಮ್ ಮಾರಿ ಜನ ಸತ್ತಿರೋದೂ ಉಂಟು.

ನಮ್ಮಲ್ಲಿ ಇಬ್ಬರು ಮುಟ್ಟಲಿಲ್ಲ. ತಗೊಂಡ ಮೂವರಲ್ಲಿ ಇಬ್ಬರಿಗೆ ಏನೂ ಆಗಲಿಲ್ಲ. ನಿಮ್ಮ ಫ್ರೆಂಡ್ಸ್‌ಗೂ ಆಗಿರಲ್ಲ, ಒಪ್ತೀನಿ. ಅವನು ಮಾತ್ರ ಬೆಂಗಳೂರಿಗೆ ಬಂದ್ಮೇಲೂ ನಿದ್ದೆ ಮಾಡಲಿಲ್ಲ. ನಾಲ್ಕನೇ ದಿನ, ಕ್ಲಾಸ್ ಗ್ರೂಪ್‌ನಲ್ಲಿ ಬರೋ ಮೆಸೇಜ್ ಎಲ್ಲಾ ತನ್ನ ಬಗ್ಗೆನೇ ಅಂತ ಫೋನ್ ಒಡೆದ. ಆಸ್ಪತ್ರೆಯಲ್ಲಿ "ಏನು ತಗೊಂಡಿದ್ದ?" ಅಂತ ಕೇಳಿದ್ರು. ನಾವು ನಾಲ್ವರೂ "ಬರೀ ಬಿಯರ್ ಸರ್" ಅಂದ್ವಿ. ಎನ್‌ಡಿಪಿಎಸ್ ಕಾಯ್ದೆ, ಪೊಲೀಸ್, ಕಾಲೇಜು, ಎಲ್ಲಾ ತಲೆಯಲ್ಲಿ ಓಡ್ತಿತ್ತು. ನಿಜ ಹೇಳೋಕೆ ಎರಡು ದಿನ ತಗೊಂಡ್ವಿ. ಆ ಎರಡು ದಿನದ ಲೆಕ್ಕ ನಾನು ಯಾರಿಗೂ ಒಪ್ಪಿಸೋಕೆ ಆಗಲ್ಲ.

"ಮನೇಲಿ ಯಾರಿಗಾದ್ರೂ ಹೀಗೆ?" ಅಂದಾಗ ಅವರಪ್ಪ ಇಲ್ಲ ಅಂದ್ರು. ಅಮ್ಮ ಸೆರಗು ಹಿಡ್ಕೊಂಡು ನಿಂತಿದ್ರು. ಅಪ್ಪ ಬಿಲ್ ಕಟ್ಟೋಕೆ ಹೋದ್ಮೇಲೆ ಹೇಳಿದ್ರು: ಅವರ ತಮ್ಮನಿಗೆ, 22ರಲ್ಲಿ. ಅವನಿಗೆ ಅಂಥ ಸೋದರಮಾವ ಇದ್ದದ್ದೇ ಗೊತ್ತಿರಲಿಲ್ಲ.

ಸ್ಟಾಂಪ್‌ನಿಂದಲೇ ಆಯ್ತು ಅಂತ ಡಾಕ್ಟರ್ ಹೇಳಲಿಲ್ಲ. ಮುಂದೆ ಎಂದಾದ್ರೂ ಬರಬಹುದಿತ್ತೇನೋ. ಇಪ್ಪತ್ತಕ್ಕೇ ಬರಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ.

"ಹೀಲಿಂಗ್" ಅಂತ ರೀಲ್ ಮಾಡೋ ಅಣ್ಣಂದಿರೇ, ನಿಮ್ಮ ಫಾಲೋವರ್‌ಗಳಲ್ಲಿ ಡಿಪ್ರೆಷನ್ ಇರೋರು ಎಷ್ಟೋ ಜನ, ಮಾತ್ರೆ ತಗೊಳ್ತಿರೋರೂ ಇದ್ದಾರೆ. ಲಿಥಿಯಂ ತಗೊಳ್ಳೋರಿಗೆ ಇದರ ಜೊತೆ ಫಿಟ್ಸ್ ಬಂದ ವರದಿಗಳಿವೆ. ಒಂದು ಸಲನಾದ್ರೂ ಹೇಳಿದ್ದೀರಾ? ಆಸ್ಟ್ರೇಲಿಯಾದಲ್ಲಿ 2023ರಿಂದ ಅನುಮತಿ ಇದೆ ಅಂತೀರಿ. ಅಲ್ಲೂ ಅದನ್ನ ಬರೆದುಕೊಡಬೇಕಾದವರು ಅಧಿಕಾರ ಪಡೆದ ಮನೋವೈದ್ಯರು, ಬೀಚ್‌ನಲ್ಲಿ ಸಿಕ್ಕ ಅಣ್ಣ ಅಲ್ಲ.

ಈಗಾಗಲೇ ತಗೊಂಡು ನಿದ್ದೆ ಬರ್ತಿಲ್ಲ, ಯಾರೋ ಹಿಂದೆ ಬಿದ್ದಿದ್ದಾರೆ ಅನ್ನಿಸ್ತಿದೆ ಅಂದ್ರೆ ನನಗೆ ಡಿಎಂ ಮಾಡ್ಬೇಡಿ, ಆಸ್ಪತ್ರೆಗೆ ಹೋಗಿ, ತಗೊಂಡಿದ್ದನ್ನ ಇದ್ದ ಹಾಗೇ ಹೇಳಿ. ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಜೊತೆಗಿರೋ ಫ್ರೆಂಡ್ಸ್, "ಬರೀ ಬಿಯರ್" ಅನ್ಬೇಡಿ.

ಅವನು ಈಗ ಊರಲ್ಲಿದ್ದಾನೆ, ಈ ಸೆಮಿಸ್ಟರ್ ಬರೀತಿಲ್ಲ. ಇದನ್ನ ಹಾಕೋ ಮುಂಚೆ ಅವನಿಗೇ ಕಳಿಸಿದ್ದೆ. "ಮಾವನ ವಿಷಯ ತೆಗೀಬೇಡ, ಹಾಕು" ಅಂದ.