ಮನ್ಯಾಗ ಹಡದರೂ ದವಾಖಾನೆ ಲೆಕ್ಕ ಇರಲಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಮಂದಿಯ ಹಳೇ ರೂಢಿ. ರಾಜ್ಯದ ಗಡಿ ಎಲ್ಲಿ ಬಿದ್ದರೂ ಬೀಗತನ ನಿಂತಿಲ್ಲ. ಇಂಡಿ, ಚಡಚಣ, ಆಳಂದ, ಅಫಜಲಪುರದವರು ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಕ್ಕೆ ಹೆಣ್ಣು ಕೊಡುತ್ತಾರೆ, ಅಲ್ಲಿಂದ ತರುತ್ತಾರೆ. ಕುಬಸ ಮುಗಿಸಿ ಮಗಳನ್ನು ಕರೆತರುವಾಗ ಸೀರೆ, ಬಳೆ, ಬುತ್ತಿಯ ಲೆಕ್ಕ ಎಲ್ಲರೂ ಹಾಕುತ್ತಾರೆ. ದವಾಖಾನೆಯ ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಈಗ ಬಹುಪಾಲು ಹೆರಿಗೆಗಳು ದವಾಖಾನೆಯಲ್ಲೇ ಆಗುತ್ತವೆ, ನಿಜ. ಆದರೂ ಹೊಲದ ವಸ್ತಿಗಳಲ್ಲಿ "ನಮ್ಮವ್ವ ಏಳು ಮಕ್ಕಳನ್ನ ಮನ್ಯಾಗ ಹಡದಾಳ, ಸುಮ್ನ ರೊಕ್ಕ ಯಾಕ ಸುರೂದು?" ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರ ಮಾತನ್ನು ಹೀಗಳೆಯಬೇಕಾಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಕೈಗುಣಕ್ಕೇ. ಆದರೆ ರೊಕ್ಕ ಉಳಿಸಲೆಂದು ಮನೆ ಹೆರಿಗೆ ಮಾಡಿಸುತ್ತೇವೆ ಅನ್ನುವವರ ಲೆಕ್ಕ ಮಾತ್ರ ತಪ್ಪು.

ಎಲ್ಲವೂ ಸುಸೂತ್ರವಾದರೆ ಖರ್ಚು ಉಳಿಯಿತು. ಆಗದಿದ್ದರೆ? ಹೆರಿಗೆ ನಂತರ ರಕ್ತಸ್ರಾವ ನಿಲ್ಲದೆ ಹೋದರೆ ಎರಡೇ ತಾಸಿನಲ್ಲಿ ತಾಯಿಯ ಜೀವ ಹೋಗಬಹುದು. ಆ ಹೊತ್ತಿಗೆ ಸರ್ಕಾರಿ ದವಾಖಾನೆ ಯಾವುದು, ರಕ್ತ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಪುರಸತ್ತು ಎಲ್ಲಿ? ಸಿಕ್ಕ ಗಾಡಿಯಲ್ಲಿ, ಕೇಳಿದಷ್ಟು ಬಾಡಿಗೆಗೆ, ಮೊದಲು ಕಂಡ ಖಾಸಗಿ ದವಾಖಾನೆಗೆ ಓಡುವುದೇ ಆಗುತ್ತದೆ. ಅಲ್ಲಿ ಮುಂಗಡ ಕಟ್ಟಲು ಬಂಗಾರ ಒತ್ತೆ ಬೀಳುತ್ತದೆ. ಉಳಿಸಲು ಹೋದ ದುಡ್ಡಿಗಿಂತ ಎಷ್ಟೋ ಪಟ್ಟು ಹೆಚ್ಚು ಒಂದೇ ರಾತ್ರಿಯಲ್ಲಿ ಖರ್ಚಾಗುತ್ತದೆ.

"ವಿಮಾ ಐತಲ್ಲ" ಎಂದು ಧೈರ್ಯವಾಗಿರುವವರೂ ಒಮ್ಮೆ ಕಾಗದ ತೆಗೆದು ಓದಬೇಕು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹೆರಿಗೆ ಖರ್ಚನ್ನು, ಸಿಸೇರಿಯನ್ ಸಹಿತ, ಹೊರಗಿಟ್ಟಿರುತ್ತಾರೆ. ಹೆರಿಗೆ ಸೇರಿಸಿದ ಪಾಲಿಸಿಗಳಲ್ಲೂ ಕಾಯುವ ಅವಧಿ ಇರುತ್ತದೆ. ಕೆಲವಕ್ಕೆ ಒಂಬತ್ತು ತಿಂಗಳು, ಕೆಲವಕ್ಕೆ ಎರಡು-ಮೂರು ವರ್ಷ. ಬಸಿರಾದ ಮೇಲೆ ಮಾಡಿಸಿದ ವಿಮೆ ಆ ಹೆರಿಗೆಗೆ ಬರುವುದಿಲ್ಲ. ಇನ್ನು ಮನೆಯಲ್ಲಾದ ಹೆರಿಗೆಗೆ, ಸೂಲಗಿತ್ತಿಗೆ ಕೊಟ್ಟ ದುಡ್ಡಿಗೆ ವಿಮಾ ಕಂಪನಿ ಸಾಮಾನ್ಯವಾಗಿ ಪೈಸೆಯನ್ನೂ ಕೊಡದು. ಅಳಿಯ ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿದ್ದು ಕಂಪನಿಯ ವಿಮೆ ಇದ್ದರೆ ಮೂರು ಮಾತು ಕೇಳಿಕೊಳ್ಳಿ: ಹೆರಿಗೆಗೆ ಎಷ್ಟರವರೆಗೆ ಕೊಡುತ್ತಾರೆ, ತವರಿನ ಹತ್ತಿರದ ಯಾವ ದವಾಖಾನೆ ಅವರ ಪಟ್ಟಿಯಲ್ಲಿದೆ, ಹುಟ್ಟಿದ ಕೂಸು ಯಾವ ದಿನದಿಂದ ಸೇರುತ್ತದೆ.

ಸರ್ಕಾರದ ಸೌಲಭ್ಯ ಬಹಳ ಮಂದಿಗೆ ಪೂರ್ತಿ ಗೊತ್ತಿಲ್ಲ. ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂತು. ಅದರಲ್ಲಿ ಮನೆಯಲ್ಲಿ ಹಡೆದ ಬಡತನ ರೇಖೆಗಿಂತ ಕೆಳಗಿನ ತಾಯಿಗೆ 500 ರೂಪಾಯಿ ನೆರವು ಇಟ್ಟಿದ್ದಾರೆ. ಅದರಿಂದ ಗಾಡಿ ಬಾಡಿಗೆಯೂ ಹುಟ್ಟದು. ಆದರೆ 2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ, ಸರ್ಕಾರಿ ದವಾಖಾನೆಗೆ ಬಂದ ಗರ್ಭಿಣಿಗೆ ಹೆರಿಗೆ, ಸಿಸೇರಿಯನ್, ಔಷಧ, ತಪಾಸಣೆ, ರಕ್ತ, ಊಟ ಎಲ್ಲವೂ ಉಚಿತ. ಮನೆಯಿಂದ ದವಾಖಾನೆಗೆ, ಅಲ್ಲಿಂದ ದೊಡ್ಡ ದವಾಖಾನೆಗೆ, ಮತ್ತೆ ಮನೆಗೆ ಗಾಡಿಯೂ ಉಚಿತ. ಕೂಸಿಗೆ ಕಾಯಿಲೆಯಾದರೆ ಚಿಕಿತ್ಸೆಗೂ ದುಡ್ಡು ಕೇಳುವಂತಿಲ್ಲ. ಈ ಊರಿನವಳು, ಆ ರಾಜ್ಯದವಳು ಎಂಬ ಷರತ್ತು ಈ ಕಾರ್ಯಕ್ರಮದಲ್ಲಿ ಇಲ್ಲ. "ಕರ್ನಾಟಕದ ಕಾರ್ಡು ಇಲ್ಲಿ ನಡೆಯೂದಿಲ್ಲ" ಅಂತ ಯಾರಾದರೂ ಅಂದರೆ ಈ ಕಾರ್ಯಕ್ರಮದ ಹೆಸರು ಹೇಳಿ ಕೇಳುವ ಹಕ್ಕು ನಿಮಗಿದೆ.

ಗಡಿಯ ತೊಡಕು ಬರುವುದು ಬೇರೆ ಕಡೆ. ಆಯುಷ್ಮಾನ್ ಭಾರತದಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ದೇಶದ ಯಾವುದೇ ನೋಂದಾಯಿತ ದವಾಖಾನೆಯಲ್ಲಿ ಚಿಕಿತ್ಸೆ ಸಿಗಬೇಕು. ಆದರೆ ಕೈಯಲ್ಲಿರುವ ಕಾರ್ಡು ಯಾವ ಪಟ್ಟಿಯದು, ಆ ದವಾಖಾನೆಯಲ್ಲಿ ಹೆರಿಗೆಗೆ ನಡೆಯುತ್ತದೆಯೇ ಎಂದು ಮೊದಲೇ ಕೇಳದಿದ್ದರೆ ಕೌಂಟರಿನ ಮುಂದೆ ಕಣ್ಣು ಬಿಡುವ ಪಾಳಿ. ಉಮದಿ, ಸಂಖದ ಕಡೆಯವರಿಗೆ ಮಿರಜಗಿಂತ ವಿಜಯಪುರ ಹತ್ತಿರ. ಆದರೆ ಆಂಬುಲೆನ್ಸು ಆಯಾ ರಾಜ್ಯದ್ದು, ಮೇಲಿನ ದವಾಖಾನೆಗೆ ಕಳಿಸುವ ಚೀಟಿಯೂ ಆಯಾ ರಾಜ್ಯದ್ದೇ. ನೋವು ತಿನ್ನುವ ಹೆಣ್ಣುಮಗಳು ದೂರದ ದಾರಿ ಹಿಡಿಯಬೇಕೇ?

2022ರ ಕೊನೆಯಲ್ಲಿ ಜತ್ತ ತಾಲೂಕಿನ ಹಳ್ಳಿಗಳು ಯಾರವು ಎಂದು ಎರಡೂ ರಾಜ್ಯಗಳ ನಾಯಕರು ಜಗಳಾಡಿದರು. 2023ರಲ್ಲಿ ಮಹಾರಾಷ್ಟ್ರ ತನ್ನ ಆರೋಗ್ಯ ವಿಮೆಯನ್ನು ಕರ್ನಾಟಕದ 865 ಗಡಿ ಹಳ್ಳಿಗಳಿಗೆ ಕೊಡುತ್ತೇವೆಂದಾಗ ಮತ್ತೆ ಗದ್ದಲ. ರಾಜಕೀಯಕ್ಕೆ ಬೇಕಾದಾಗ ವಿಮೆ ಗಡಿ ದಾಟುತ್ತದೆ. ಹಾಗಿದ್ದರೆ ತುಂಬು ಬಸುರಿಯನ್ನು ಹತ್ತಿರದ ದವಾಖಾನೆಗೆ ಸೇರಿಸುವ ಒಪ್ಪಂದಕ್ಕೆ ಅಡ್ಡಿ ಏನು? ಸಾಂಗಲಿ, ಸೊಲ್ಲಾಪುರ, ವಿಜಯಪುರ, ಕಲಬುರಗಿ ಜಿಲ್ಲಾ ಆರೋಗ್ಯ ಅಧಿಕಾರಿಗಳು ಒಂದು ದಿನ ಕೂಡಿ ಕೂತು ಮಾತಾಡಿದರೆ ಆಗುವ ಕೆಲಸವಿದು. ಗಡಿಯ ಸರ್ಕಾರಿ ದವಾಖಾನೆಗಳಲ್ಲಿ ಈ ಸೌಲಭ್ಯಗಳ ಫಲಕ ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಲಿ. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರು ಇದನ್ನು ಗ್ರಾಮಸಭೆಯಲ್ಲಿ ಕೇಳಬೇಕು.

ಸರ್ಕಾರ ಏಳುವವರೆಗೆ ನಾವು ಕೂಡುವಂತಿಲ್ಲ. ಏಳನೇ ತಿಂಗಳಲ್ಲೇ ಮಗಳ ತಾಯಿ ಕಾರ್ಡು, ಆಧಾರ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ತರಿಸಿಕೊಳ್ಳಿ. ತವರೂರಿನ ಆಶಾ ತಾಯಿಯ ಹತ್ತಿರ ಹೆಸರು ಬರೆಸಿ, ತಪಾಸಣೆ ಮುಂದುವರಿಸಿ. ಸಿಸೇರಿಯನ್ ಮಾಡುವ, ರಕ್ತ ಸಿಗುವ ಸರ್ಕಾರಿ ದವಾಖಾನೆ ಯಾವುದೆಂದು ನೋಡಿಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ ಗರ್ಭಿಣಿಯರ ಗಾಡಿಗೆ 102, ತುರ್ತಿಗೆ 108. ಅದು ಬಾರದಿದ್ದರೆ ಯಾರ ಗಾಡಿ, ರಕ್ತ ಯಾರು ಕೊಡುತ್ತಾರೆ, ಕೈಯಲ್ಲಿ ಎಷ್ಟು ರೊಕ್ಕ ಎಂಬುದೂ ಗೊತ್ತಿರಲಿ.

ಕೂಸು ಮನೆಯಲ್ಲೇ ಹುಟ್ಟಿದರೆ 21 ದಿನದೊಳಗೆ ಹುಟ್ಟಿದ ಊರಿನಲ್ಲೇ ನೋಂದಣಿ ಮಾಡಿಸಬೇಕು; ಅದು ಮನೆಯ ಯಜಮಾನನ ಹೊಣೆ. ಗಂಡನ ಮನೆಗೆ ಹೋದ ಮೇಲೆ ಅಲ್ಲಿ ಬರೆಸುತ್ತೇವೆ ಅಂದರೆ ಆಗದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಆಧಾರ.

ಹೆರಿಗೆ ಎಲ್ಲಿ ಎಂಬುದನ್ನು ಮನೆಯವರು, ಮುಖ್ಯವಾಗಿ ಹಡೆಯುವವಳು, ಡಾಕ್ಟರರನ್ನು ಕೇಳಿ ತೀರ್ಮಾನಿಸಲಿ. ಆದರೆ ಖರ್ಚಿನ ಹೆದರಿಕೆಯಿಂದ ಆ ತೀರ್ಮಾನ ಆಗದಿರಲಿ. ಉಚಿತವಾಗಿ ಸಿಗುವುದನ್ನು ತಿಳಿಯದೆ ಮಗಳ ಜೀವವನ್ನು ಒತ್ತೆ ಇಡುವುದು ಯಾವ ಉಳಿತಾಯ?